ಕಣ್ಣಿಗೆ ಕಂಡ ಗೆರೆ, ಲೆಕ್ಕಕ್ಕೆ ಸಿಕ್ಕಿದ್ದೆಷ್ಟು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಆದಷ್ಟೂ ಮಾತಿನಲ್ಲೇ ಹೇಳಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೆನ್ನು, ಕಾಗದ ಇದ್ದವರು ಹೊರಗೆ ತೆಗೆಯಿರಿ. ಇವತ್ತಿನ ವಿಷಯವನ್ನು ಬರೀ ಕೇಳಿದರೆ ಅರ್ಧ ರುಚಿ, ಬರೆದು ನೋಡಿದರೆ ಪೂರ್ತಿ. ಚೌಕುಳಿ ಹಾಳೆ ಇದ್ದರೆ ಇನ್ನೂ ಒಳ್ಳೆಯದು. ನಡುವಿನ ಮನೆಯಲ್ಲಿ 1 ಬರೆಯಿರಿ. ಅದರ ಬಲಕ್ಕೆ 2. ಎರಡರ ತಲೆಯ ಮೇಲೆ 3. ಅಲ್ಲಿಂದ ಎಡಕ್ಕೆ ತಿರುಗಿ 4, 5. ಕೆಳಗಿಳಿದು 6, 7. ಮತ್ತೆ ಬಲಕ್ಕೆ 8, 9, 10. ಹೀಗೆ ಸುತ್ತುತ್ತಾ ಹೋಗಿ. ಎರಡು ಸುತ್ತು ಮುಗಿದಾಗ ಹಾಳೆ ಹೀಗಿರುತ್ತದೆ:

17 16 15 14 13
18 5 4 3 12
19 6 1 2 11
20 7 8 9 10
21 22 23 24 25

ಈಗ ಅವಿಭಾಜ್ಯ ಸಂಖ್ಯೆಗಳಿಗೆ, ಅಂದರೆ 1 ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ 1ಕ್ಕಿಂತ ದೊಡ್ಡ ಸಂಖ್ಯೆಗಳಿಗೆ, ಮಾತ್ರ ಸುತ್ತು ಹಾಕಿ. 2, 3, 5, 7, 11, 13, 17, 19, 23. ಒಂಬತ್ತೇ ಇವೆ, ಆದರೂ ಕಣ್ಣು ಆಗಲೇ ಏನನ್ನೋ ಹಿಡಿಯುತ್ತದೆ. 19, 7, 23 ಒಂದೇ ಓರೆಗೆರೆಯಲ್ಲಿವೆ. 17, 5 ಇನ್ನೊಂದರಲ್ಲಿ. 13, 3 ಮತ್ತೊಂದರಲ್ಲಿ. ಇದನ್ನೇ ಹತ್ತು ಸಾವಿರದವರೆಗೆ ಬೆಳೆಸಿ, ಅಂಕಿಗಳನ್ನು ಅಳಿಸಿ, ಅವಿಭಾಜ್ಯ ಇರುವ ಕಡೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿಸಿದರೆ ತೆರೆಯ ಮೇಲೆ ಈಗ ಕಾಣುತ್ತಿರುವ ಚಿತ್ರ ಬರುತ್ತದೆ. ಮೊದಲ ನೋಟಕ್ಕೆ ಚುಕ್ಕೆಗಳು ಎರಚಿದ ಹಾಗಿವೆ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ: ಓರೆಯಾಗಿ ಓಡುವ ಗೆರೆಗಳು, ಕೆಲವು ತುಂಡು ತುಂಡು, ಕೆಲವು ಅಂಚಿನವರೆಗೂ.

ಈ ಚಿತ್ರವನ್ನು ಮೊದಲು ಬರೆದವರು ಸ್ಟಾನಿಸ್ಲಾವ್ ಉಲಾಮ್, 1963ರಲ್ಲಿ. ಪೋಲೆಂಡ್ ಮೂಲದ ಗಣಿತಜ್ಞ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಕೆಲಸ, ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿ ಲೆಕ್ಕ ಮಾಡುವ ಮಾಂಟೆ ಕಾರ್ಲೊ ವಿಧಾನದ ಜನಕರಲ್ಲಿ ಒಬ್ಬರು. ಒಂದು ವಿಜ್ಞಾನ ಸಭೆಯಲ್ಲಿ ಯಾರೋ ಉದ್ದನೆಯ, ಬೇಸರದ ಪ್ರಬಂಧ ಓದುತ್ತಿದ್ದರಂತೆ. (ಇದನ್ನು ಉಪನ್ಯಾಸದಲ್ಲಿ ಹೇಳುವಾಗ ಭಾಷಣಕಾರನಿಗೆ ಸ್ವಲ್ಪ ಮುಜುಗರವಾಗುವುದು ಸಹಜ.) ಉಲಾಮ್ ಚದುರಂಗದ ಸಮಸ್ಯೆ ಕಟ್ಟೋಣ ಅಂತ ಅಡ್ಡ ಉದ್ದ ಗೆರೆ ಎಳೆದರು. ಆಮೇಲೆ ಮನಸ್ಸು ಬದಲಾಯಿಸಿ ಸುರುಳಿಯಾಗಿ ಸಂಖ್ಯೆ ತುಂಬಿದರು, ಅವಿಭಾಜ್ಯಗಳಿಗೆ ಸುತ್ತು ಹಾಕಿದರು. ಸಭೆಯಿಂದ ಹಿಂತಿರುಗಿ ಸಹೋದ್ಯೋಗಿಗಳಾದ ಮೈರನ್ ಸ್ಟೈನ್, ಮಾರ್ಕ್ ವೆಲ್ಸ್ ಜೊತೆ ಸೇರಿ ಮೇನಿಯಾಕ್–2 ಎಂಬ ಕಂಪ್ಯೂಟರಿಗೆ ಆ ಕೆಲಸ ಒಪ್ಪಿಸಿದರು. ಸುಮಾರು 65,000 ಬಿಂದುಗಳ ಚಿತ್ರವನ್ನು ಯಂತ್ರದ ತೆರೆಯ ಮೇಲೆ ಮೂಡಿಸಿ ಫೋಟೊ ತೆಗೆದರು. 1964ರ ಮಾರ್ಚಿನಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಇದರ ಬಗ್ಗೆ ಬರೆದರು, ಆ ಸಂಚಿಕೆಯ ಮುಖಪುಟದಲ್ಲೂ ಸುರುಳಿಯೇ. ಅಲ್ಲಿಂದ ಅದು ಜಗತ್ತಿಗೆಲ್ಲ ಗೊತ್ತಾಯಿತು.

ಉಲಾಮ್ ಚಿತ್ರಕ್ಕೂ 31 ವರ್ಷ ಮೊದಲೇ, 1932ರಲ್ಲಿ, ಲಾರೆನ್ಸ್ ಕ್ಲಾಬರ್ ಎಂಬವರು ಸಂಖ್ಯೆಗಳನ್ನು ತ್ರಿಕೋನಾಕಾರದಲ್ಲಿ ಜೋಡಿಸಿ ಇಂಥದ್ದೇ ಸಾಲುಗಳನ್ನು ಗುರುತಿಸಿದ್ದರು. ಅವರು ಹಾವುಗಳ ಪರಿಣತರು, ಅದರಲ್ಲೂ ಬುಡುಬುಡಿಕೆ ಹಾವಿನ ದೊಡ್ಡ ತಜ್ಞರು. ಸುರುಳಿ ಸುತ್ತುವ ಯೋಚನೆ ಮಾತ್ರ ಅವರಿಗೆ ಹೊಳೆಯಲಿಲ್ಲ!

ಈ ಚಿತ್ರವನ್ನು ಸಾಮಾನ್ಯವಾಗಿ "ಅವಿಭಾಜ್ಯಗಳ ರಹಸ್ಯ ವಿನ್ಯಾಸ" ಎಂದು ತೋರಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ರಹಸ್ಯ ಇದೆ, ಆದರೆ ಜನ ಬೆರಳು ತೋರಿಸುವ ಜಾಗದಲ್ಲಿಲ್ಲ. ಗೆರೆ ಏಕೆ ಕಾಣುತ್ತದೆ ಎಂಬುದಕ್ಕೆ ಒಳ್ಳೆಯ ಉತ್ತರ ಇದೆ, ಹೈಸ್ಕೂಲಿನ ಲೆಕ್ಕದಲ್ಲೇ ಬಹುಪಾಲು ಮುಗಿಯುತ್ತದೆ. ಉತ್ತರವಿಲ್ಲದ ಪ್ರಶ್ನೆ ಬೇರೆಯದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಸುಲಭದ್ದು. ನಿಮ್ಮ ಹಾಳೆಯನ್ನು ಚೆಸ್ ಬೋರ್ಡಿನ ಹಾಗೆ ಕಪ್ಪು ಬಿಳುಪು ಮಾಡಿದಿರಿ ಅಂತಿಟ್ಟುಕೊಳ್ಳಿ. ಸುರುಳಿಯಲ್ಲಿ ಪ್ರತಿ ಹೆಜ್ಜೆಗೂ ಪಕ್ಕದ ಮನೆಗೆ ಹೋಗುತ್ತೇವೆ, ಅಂದರೆ ಪ್ರತಿ ಸಲ ಬಣ್ಣ ಬದಲಾಗುತ್ತದೆ. ಹಾಗಾಗಿ ಬೆಸ ಸಂಖ್ಯೆಗಳೆಲ್ಲ ಒಂದು ಬಣ್ಣದಲ್ಲಿ, ಸಮ ಸಂಖ್ಯೆಗಳೆಲ್ಲ ಇನ್ನೊಂದರಲ್ಲಿ. 2 ಬಿಟ್ಟರೆ ಅವಿಭಾಜ್ಯಗಳೆಲ್ಲ ಬೆಸ. ಅಂದಮೇಲೆ ಅವು ಒಂದೇ ಬಣ್ಣದ ಮನೆಗಳಲ್ಲಿ ಕೂರಬೇಕು, ಅಕ್ಕಪಕ್ಕ ಅಥವಾ ಮೇಲೆ ಕೆಳಗೆ ತಾಗುವಂತಿಲ್ಲ, ಮೂಲೆಗೆ ಮೂಲೆ ಮಾತ್ರ ತಾಗಬಹುದು. ಓರೆಗೆರೆ ಕಾಣಲು ಅರ್ಧ ಕಾರಣ ಇಷ್ಟೇ. ಬೆಸ ಸಂಖ್ಯೆಗಳಲ್ಲಿ ಕಣ್ಣುಮುಚ್ಚಿ ಅಷ್ಟೇ ಪ್ರಮಾಣದಲ್ಲಿ ಒಂದಷ್ಟನ್ನು ಆಯ್ದು ಚುಕ್ಕೆ ಇಟ್ಟರೂ ಚಿಕ್ಕ ಚಿಕ್ಕ ಓರೆ ತುಂಡುಗಳು ಕಾಣುತ್ತವೆ.

ಆದರೆ ಹಾಗೆ ಮಾಡಿದರೆ ಉದ್ದನೆಯ ಗೆರೆಗಳು ಬರುವುದಿಲ್ಲ. ಬೆಸ ಸಂಖ್ಯೆಗಳೇ ತುಂಬಿದ ಎರಡು ಓರೆ ಸಾಲುಗಳಲ್ಲಿ ಒಂದು ಕಿಕ್ಕಿರಿದಿರುತ್ತದೆ, ಇನ್ನೊಂದು ಬಿಕೋ ಎನ್ನುತ್ತದೆ. ಅದು ಏಕೆ?

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 7ರಿಂದ ಹೊರಟು ಬಲಕ್ಕೆ ಓರೆಯಾಗಿ ಕೆಳಗಿಳಿಯಿರಿ: 7, 23, 47, 79, 119, 167, 223, 287, 359, 439. ವ್ಯತ್ಯಾಸಗಳನ್ನು ಬರೆಯಿರಿ: 16, 24, 32, 40. ಪ್ರತಿ ಸಲ 8 ಹೆಚ್ಚುತ್ತಿದೆ. ಯಾವ ಓರೆ ಸಾಲು ತೆಗೆದುಕೊಂಡರೂ, ಆರಂಭದ ಗೊಂದಲ ದಾಟಿದ ಮೇಲೆ, ಇದೇ 8. ಕಾರಣ ಸರಳ, ಸುರುಳಿಯ ಪ್ರತಿ ಸುತ್ತಿನಲ್ಲಿ ಹಿಂದಿನ ಸುತ್ತಿಗಿಂತ ಎಂಟು ಮನೆ ಹೆಚ್ಚು. ವ್ಯತ್ಯಾಸದ ವ್ಯತ್ಯಾಸ ಒಂದೇ ಆಗಿದ್ದರೆ ಆ ಸಾಲು ವರ್ಗೋಕ್ತಿಯೊಂದರ (ವರ್ಗವೇ ಅತಿ ದೊಡ್ಡ ಘಾತವಾಗಿರುವ ಬೀಜೋಕ್ತಿಯ) ಬೆಲೆಗಳ ಪಟ್ಟಿ ಎಂಬುದು ನಿಮಗೆ ಗೊತ್ತು. ಅಂದರೆ ಉಲಾಮ್ ಸುರುಳಿ ಮಾಡುವ ಕೆಲಸ ಇದು: ವರ್ಗೋಕ್ತಿಗಳನ್ನು ನೇರ ಗೆರೆಗಳಾಗಿ ಬಿಡಿಸಿ ತೋರಿಸುತ್ತದೆ. "ಯಾವ ಗೆರೆಯಲ್ಲಿ ಚುಕ್ಕೆ ಹೆಚ್ಚು" ಎಂಬ ಪ್ರಶ್ನೆ "ಯಾವ ವರ್ಗೋಕ್ತಿಯಲ್ಲಿ ಅವಿಭಾಜ್ಯ ಹೆಚ್ಚು" ಎಂಬ ಪ್ರಶ್ನೆಯೇ.

ನಮ್ಮ ಸಾಲನ್ನೇ ನೋಡಿ. ಅದು ಬೆಸ ಸಂಖ್ಯೆಯ ವರ್ಗದಿಂದ 2 ಕಳೆದದ್ದು: 9 − 2, 25 − 2, 49 − 2. ಯಾವುದೇ ವರ್ಗವನ್ನು 3ರಿಂದ ಭಾಗಿಸಿದರೆ ಶೇಷ 0 ಅಥವಾ 1, ಎಂದೂ 2 ಅಲ್ಲ. ಹಾಗಾಗಿ ಈ ಸಾಲಿನ ಯಾವ ಸಂಖ್ಯೆಯನ್ನೂ 3 ಭಾಗಿಸಲಾರದು. 5ರಿಂದ ಭಾಗಿಸಿದರೆ ವರ್ಗದ ಶೇಷ 0, 1 ಅಥವಾ 4. ಇಲ್ಲೂ 2 ಇಲ್ಲ. 5 ಕೂಡ ಈ ಸಾಲಿಗೆ ಕೈ ಹಾಕುವಂತಿಲ್ಲ. 11, 13ರ ಕಥೆಯೂ ಅದೇ. ಆದರೆ 7ಕ್ಕೆ ದಾರಿ ಇದೆ, 9 ಅನ್ನು 7ರಿಂದ ಭಾಗಿಸಿದರೆ ಶೇಷ 2 ತಾನೆ? ಆದ್ದರಿಂದಲೇ 119 = 7 × 17, 287 = 7 × 41. ಮೊದಲ ಹತ್ತರಲ್ಲಿ ಸಾಲಿನಿಂದ ಬಿದ್ದವು ಇವೆರಡೇ, ಉಳಿದ ಎಂಟೂ ಅವಿಭಾಜ್ಯ.

ಲಾಭ ನಷ್ಟ ಎಷ್ಟೆಂದು ಎಣಿಸಲೂಬಹುದು. ಸಾಮಾನ್ಯ ಬೆಸ ಸಂಖ್ಯೆಗಳಲ್ಲಿ ಮೂರನೇ ಎರಡರಷ್ಟು ಮಾತ್ರ 3ರಿಂದ ತಪ್ಪಿಸಿಕೊಳ್ಳುತ್ತವೆ. ಇಲ್ಲಿ ಎಲ್ಲವೂ ತಪ್ಪಿಸಿಕೊಳ್ಳುತ್ತವೆ. ಲಾಭ 3/2 ಪಟ್ಟು. 5ರ ಕಡೆಯಿಂದ 5/4 ಪಟ್ಟು. 7ರ ಕಡೆಯಿಂದ ನಷ್ಟ: ಸಾಮಾನ್ಯವಾಗಿ ಏಳರಲ್ಲಿ ಒಂದು ಬೀಳಬೇಕಿತ್ತು, ಇಲ್ಲಿ ಏಳರಲ್ಲಿ ಎರಡು ಬೀಳುತ್ತವೆ, ಹಾಗಾಗಿ 5/6. ಮೂರನ್ನೂ ಗುಣಿಸಿದರೆ ಸುಮಾರು 1.56. ಹೀಗೇ 11, 13, 17 ಎಂದು ಪ್ರತಿಯೊಂದು ಅವಿಭಾಜ್ಯದ ಪಾಲನ್ನೂ ಗುಣಿಸುತ್ತಾ ಹೋದರೆ ಆ ಸಾಲು ಎಷ್ಟು ಸಮೃದ್ಧ ಎಂಬುದಕ್ಕೆ ಒಂದು ಅಂಕಿ ಸಿಗುತ್ತದೆ. 1923ರಲ್ಲಿ ಜಿ. ಎಚ್. ಹಾರ್ಡಿ ಮತ್ತು ಜೆ. ಇ. ಲಿಟಲ್‌ವುಡ್ ಪ್ರಕಟಿಸಿದ ಊಹೆಯೊಂದರ ತಿರುಳು ಇದೇ ಗುಣಾಕಾರ. ಯಾವ ಅವಿಭಾಜ್ಯ ಸಾಲಿಗೆ ಕೈ ಹಾಕಬಹುದು, ಯಾವುದು ಹಾಕಲಾರದು ಎಂಬುದನ್ನೆಲ್ಲ ತೀರ್ಮಾನಿಸುವುದು ವರ್ಗೋಕ್ತಿಯ ಶೋಧಕ. ವರ್ಗ ಸಮೀಕರಣಕ್ಕೆ ಮೂಲ ಹುಡುಕುವಾಗ ವರ್ಗಮೂಲದ ಚಿಹ್ನೆಯೊಳಗೆ ಬರುತ್ತದಲ್ಲ, ಅದೇ.

ಬಿಕೋ ಎನ್ನುವ ಸಾಲುಗಳನ್ನು ಬೇಗ ಮುಗಿಸಬಹುದು. 1, 9, 25, 49 ಎಂಬ ಸಾಲಿನಲ್ಲಿ ಬರೀ ವರ್ಗಗಳು, ಒಂದೂ ಅವಿಭಾಜ್ಯವಿಲ್ಲ. 3, 15, 35, 63 ಎಂಬ ಸಾಲು ಸಮ ಸಂಖ್ಯೆಯ ವರ್ಗದಿಂದ 1 ಕಳೆದದ್ದು. 1 × 3, 3 × 5, 5 × 7, 7 × 9 ಎಂದು ತಾನಾಗಿಯೇ ಒಡೆದುಕೊಳ್ಳುತ್ತದೆ. ಮೊದಲನೆಯ 3 ಬಿಟ್ಟು ಮುಂದೆ ಒಂದೂ ಇಲ್ಲ.

ಈಗ ಸಮೃದ್ಧಿಯ ಇನ್ನೊಂದು ತುದಿ. ಹಾಳೆ ತಿರುವಿ ಹೊಸ ಸುರುಳಿ ಬರೆಯಿರಿ, ನಡುವೆ 1ರ ಬದಲು 41 ಇಡಿ. ಬಲಕ್ಕೆ 42, ಮೇಲೆ 43, ಹೀಗೆ. ನಡುವಿನಿಂದ ಬಲ ಮೇಲ್ಮೂಲೆಗೆ ಹೋಗುವ ಓರೆಯಲ್ಲಿ 43, 53, 71, 97, 131 ಬರುತ್ತವೆ. ಎಡ ಕೆಳಮೂಲೆಯತ್ತ 47, 61, 83, 113. ಎಲ್ಲವೂ ಅವಿಭಾಜ್ಯ. 40 × 40 ಚೌಕ ತುಂಬುವವರೆಗೆ ಬರೆಯುವ ತಾಳ್ಮೆ ಇದ್ದರೆ ಮೂಲೆಯಿಂದ ಮೂಲೆಗೆ ನಲವತ್ತು ಮನೆ, ನಲವತ್ತೂ ಅವಿಭಾಜ್ಯ. ಕೊನೆಯದು 1601.

ಇದು ಲಿಯೊನಾರ್ಡ್ ಆಯ್ಲರ್ 1772ರಲ್ಲಿ ತೋರಿಸಿದ ಪ್ರಸಿದ್ಧ ಸೂತ್ರ. ಇವತ್ತು ಬಳಕೆಯಲ್ಲಿರುವ ರೂಪ: ಕ² + ಕ + 41. ಕ ಜಾಗದಲ್ಲಿ 0 ಇಟ್ಟರೆ 41, 1 ಇಟ್ಟರೆ 43, 2 ಇಟ್ಟರೆ 47, ಹೀಗೆ 39ರವರೆಗೆ. ಸಾಮಾನ್ಯವಾಗಿ ಇದನ್ನು ಪವಾಡದ ಹಾಗೆ ಹೇಳಿ ಬಿಟ್ಟುಬಿಡುತ್ತಾರೆ. ನಾವು ಬಿಡುವುದು ಬೇಡ.

3ರಿಂದ ಭಾಗಿಸಿ ನೋಡೋಣ. ಕ ಎಷ್ಟೇ ಇರಲಿ, 3ರಿಂದ ಭಾಗಿಸಿದಾಗ ಅದರ ಶೇಷ 0, 1, 2 ಇಷ್ಟರಲ್ಲೊಂದು. ಹಾಗಾಗಿ ಮೂರೇ ಪರೀಕ್ಷೆ ಸಾಕು: 41, 43, 47. ಯಾವುದೂ 3ರಿಂದ ಭಾಗವಾಗುವುದಿಲ್ಲ. ಅಂದಮೇಲೆ ಈ ಸಾಲಿನಲ್ಲಿ ಎಲ್ಲಿಯೂ, ಎಷ್ಟು ದೂರ ಹೋದರೂ, 3 ಭಾಗಿಸುವುದಿಲ್ಲ. 5ಕ್ಕೆ ಐದು ಪರೀಕ್ಷೆ: 41, 43, 47, 53, 61. ಕೊನೆಯ ಅಂಕಿ 0 ಅಥವಾ 5 ಆಗಿರುವುದು ಒಂದೂ ಇಲ್ಲ. 7ಕ್ಕೆ ಇನ್ನೆರಡು ಸೇರಿಸಿ, 71, 83, ಅಲ್ಲೂ ಇಲ್ಲ. ಹೀಗೆ 11, 13, 17, 19, 23, 29, 31, 37ರವರೆಗೆ ಒಂದೊಂದಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. 41ಕ್ಕಿಂತ ಚಿಕ್ಕ ಯಾವ ಅವಿಭಾಜ್ಯವೂ ಈ ಸಾಲಿನ ಯಾವ ಸಂಖ್ಯೆಯನ್ನೂ ಭಾಗಿಸದು.

ಇದರ ಫಲ ನೋಡಿ. ಒಂದು ಸಂಖ್ಯೆ ಒಡೆಯಬೇಕಾದರೆ ಅದಕ್ಕೆ ತನ್ನ ವರ್ಗಮೂಲಕ್ಕಿಂತ ದೊಡ್ಡದಲ್ಲದ ಒಂದು ಅವಿಭಾಜ್ಯ ಅಪವರ್ತನ ಬೇಕೇ ಬೇಕು. ಇಲ್ಲಿ ಅತಿ ಚಿಕ್ಕ ಅಪವರ್ತನವೇ ಕನಿಷ್ಠ 41. ಹಾಗಾಗಿ 41 × 41 = 1681 ಬರುವವರೆಗೆ ಈ ಸಾಲಿನಲ್ಲಿ ಒಡೆಯುವ ಸಂಖ್ಯೆ ಬರುವಂತೆಯೇ ಇಲ್ಲ. 39 ಹಾಕಿದಾಗ 1601, ಇನ್ನೂ ಸುರಕ್ಷಿತ. 40 ಹಾಕಿದಾಗ ಕರಾರುವಾಕ್ಕಾಗಿ 1681. ಅಲ್ಲಿಗೆ ಸರಣಿ ಮುರಿಯಿತು. ನಲವತ್ತರ ಆ ಓಟ ಕಾಕತಾಳೀಯ ಅಲ್ಲ, ಹನ್ನೊಂದು ಪುಟ್ಟ ಬೆಸ ಅವಿಭಾಜ್ಯಗಳು ಒಟ್ಟಿಗೆ ಕೈಕಟ್ಟಿ ಕುಳಿತದ್ದರ ಫಲ.

ಆದರೆ ಹನ್ನೊಂದೂ ಒಟ್ಟಿಗೆ ಏಕೆ ಕೈಕಟ್ಟಿ ಕುಳಿತವು? ಇಲ್ಲಿ ವಿಷಯ ನಿಜಕ್ಕೂ ಆಳವಾಗುತ್ತದೆ. ಈ ವರ್ಗೋಕ್ತಿಯ ಶೋಧಕ 1 − 164, ಅಂದರೆ −163. 163 ಒಂಬತ್ತು ಸಂಖ್ಯೆಗಳ ಒಂದು ಪುಟ್ಟ ಪಟ್ಟಿಯ ಕೊನೆಯ ಸದಸ್ಯ: 1, 2, 3, 7, 11, 19, 43, 67, 163. ಋಣ ಸಂಖ್ಯೆಗಳ ವರ್ಗಮೂಲ ಸೇರಿಸಿ ಕಟ್ಟಿದ ಸಂಖ್ಯಾಲೋಕಗಳಲ್ಲಿ, ಅಪವರ್ತನ ಒಂದೇ ಒಂದು ರೀತಿಯಲ್ಲಿ ಆಗುವ ಲೋಕಗಳು ಇವು ಒಂಬತ್ತೇ. 41ರ ಜಾಗದಲ್ಲಿ ಬೇರೆ ಅವಿಭಾಜ್ಯ ಇಟ್ಟು ಇಂಥದೇ ಪೂರ್ತಿ ಓಟ ಸಿಗುವುದು 2, 3, 5, 11, 17ಕ್ಕೆ ಮಾತ್ರ. 41ಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಪಟ್ಟಿ ಒಂಬತ್ತಕ್ಕೇ ಮುಗಿಯುತ್ತದೆಂದು ಕುರ್ಟ್ ಹೇಗ್ನರ್ 1952ರಲ್ಲಿ ಸಾಧಿಸಿದ್ದರು, ಆದರೆ ಅವರ ಸಾಧನೆಯನ್ನು ಆಗ ಯಾರೂ ಒಪ್ಪಲಿಲ್ಲ. 1960ರ ದಶಕದ ಕೊನೆಗೆ ಅಲನ್ ಬೇಕರ್, ಹೆರಾಲ್ಡ್ ಸ್ಟಾರ್ಕ್ ಬೇರೆ ಬೇರೆಯಾಗಿ ಸಾಧಿಸಿದ ಮೇಲೆ ಹೇಗ್ನರ್ ಹೇಳಿದ್ದೂ ಸರಿಯೇ ಎಂದಾಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

"1681ರ ಆಚೆ ಆ ಸಾಲಿನ ಗತಿ ಏನು?" ಎಂದು ಒಬ್ಬರು ಕೇಳಿದರು. ಗತಿ ಚೆನ್ನಾಗಿಯೇ ಇದೆ. ಉಲಾಮ್ ತಂಡ ಒಂದು ಕೋಟಿಯವರೆಗೆ ಎಣಿಸಿ ನೋಡಿತು: ಈ ಸೂತ್ರ ಕೊಡುವ ಬೆಲೆಗಳಲ್ಲಿ ಶೇಕಡ 47.5 ಅವಿಭಾಜ್ಯ. ಒಂದು ಕೋಟಿಯವರೆಗಿನ ಎಲ್ಲ ಸಂಖ್ಯೆಗಳಲ್ಲಿ ಅವಿಭಾಜ್ಯಗಳು 6,64,579, ಅಂದರೆ ಶೇಕಡ 6.6 ಮಾತ್ರ. ಹಾರ್ಡಿ–ಲಿಟಲ್‌ವುಡ್ ಗುಣಾಕಾರವೂ ಇದಕ್ಕೆ ಹೊಂದುತ್ತದೆ. ಅದರ ಪ್ರಕಾರ ಅಷ್ಟೇ ದೊಡ್ಡ ಯಾವುದೋ ಒಂದು ಸಂಖ್ಯೆಗಿಂತ ಈ ಸಾಲಿನ ಸಂಖ್ಯೆ ಅವಿಭಾಜ್ಯವಾಗುವ ಸಂಭವ ಸುಮಾರು 6.6 ಪಟ್ಟು. ಎರಡು ಕಡೆಯೂ 6.6 ಬಂದದ್ದು ಮಾತ್ರ ಕಾಕತಾಳೀಯ, ಅದರಲ್ಲಿ ಅರ್ಥ ಹುಡುಕಬೇಡಿ.

ಎಂದೂ ಮುರಿಯದ ಸಾಲು ಸಿಗಬಹುದೇ? ಇಲ್ಲ. ಗೋಲ್ಡ್‌ಬಾಖ್ 1752ರಲ್ಲೇ ಇದನ್ನು ತಳ್ಳಿಹಾಕಿದ್ದರು. ಕಾರಣ ಎರಡು ಸಾಲಿನದು. ಕ = 1 ಇಟ್ಟಾಗ 43 ಬಂತಲ್ಲ, ಅಲ್ಲಿಂದ 43 ಹೆಜ್ಜೆ ಮುಂದೆ ಹೋಗಿ ಕ = 44 ಇಡಿ. ಶೇಷ ಬದಲಾಗದು, ಹಾಗಾಗಿ ಬರುವ ಸಂಖ್ಯೆ 43ರಿಂದ ಭಾಗವಾಗಲೇಬೇಕು. ಬರುವುದು 2021, ಅಂದರೆ 43 × 47. ಯಾವ ವರ್ಗೋಕ್ತಿಗೂ ಈ ಬಲೆ ತಪ್ಪಿದ್ದಲ್ಲ.

ಇನ್ನೊಬ್ಬರು ಮೊಬೈಲಿನಲ್ಲಿ ಬೇರೊಂದು ಚಿತ್ರ ತೋರಿಸಿದರು. ಅಲ್ಲಿ ಚೌಕುಳಿ ಇಲ್ಲ. ಪ್ರತಿ ಅವಿಭಾಜ್ಯವನ್ನೂ ಕೇಂದ್ರದಿಂದ ತನ್ನ ಬೆಲೆಯಷ್ಟೇ ದೂರದಲ್ಲಿ, ಅಷ್ಟೇ ರೇಡಿಯನ್ ಕೋನದಲ್ಲಿ ಇಟ್ಟಿದ್ದಾರೆ. ಹತ್ತಿರದಿಂದ ನೋಡಿದರೆ ಇಪ್ಪತ್ತು ಅಂದವಾದ ಸುರುಳಿ ತೋಳುಗಳು, ದೂರ ಸರಿದರೆ ಸೂರ್ಯಕಿರಣದ ಹಾಗೆ 280 ನೇರ ಗೆರೆಗಳು. ಇದೇ ಹೆಚ್ಚು ಬೆರಗಿನದು ಅಲ್ಲವೇ ಎಂದು ಅವರ ಪ್ರಶ್ನೆ. ನೋಡಲು ಹೌದು. ಆದರೆ ಆ ತೋಳುಗಳನ್ನು ಮಾಡಿದ್ದು ಅವಿಭಾಜ್ಯಗಳಲ್ಲ, ಪೈ. ರೇಡಿಯನ್ ಲೆಕ್ಕದಲ್ಲಿ ಒಂದು ಪೂರ್ತಿ ಸುತ್ತು ಅಂದರೆ ಪೈಯ ಎರಡರಷ್ಟು. 44 ರೇಡಿಯನ್ ಅಂದರೆ ಹೆಚ್ಚುಕಡಿಮೆ ಏಳು ಪೂರ್ತಿ ಸುತ್ತು, ಅದು ನಮ್ಮ ಹಳೆಯ 22/7. 710 ರೇಡಿಯನ್ ಅಂದರೆ ಇನ್ನೂ ನಿಖರವಾಗಿ 113 ಸುತ್ತು, ಅದು 355/113. ಎಲ್ಲ ಪೂರ್ಣಾಂಕಗಳನ್ನು ಇಟ್ಟರೂ 44 ತೋಳು ಬರುತ್ತವೆ. 44ರೊಂದಿಗೆ ಸಾಮಾನ್ಯ ಅಪವರ್ತನ ಇರುವ ತೋಳುಗಳಲ್ಲಿ 2, 11 ಬಿಟ್ಟರೆ ಅವಿಭಾಜ್ಯ ನಿಲ್ಲಲಾರದು, ಅವು ಅಳಿಸಿಹೋಗಿ 20 ಉಳಿಯುತ್ತವೆ. 710ರಲ್ಲಿ ಹಾಗೆ ಉಳಿಯುವುದು 280.

ಈ ಚಿತ್ರದ ಒಂದೊಂದು ತೋಳೂ ಒಂದು ಸಮಾಂತರ ಶ್ರೇಢಿ, 44 ಕೂಡಿಸುತ್ತಾ ಹೋಗುವುದು. ಉಳಿದ ಪ್ರತಿಯೊಂದು ತೋಳಿನಲ್ಲೂ ಅವಿಭಾಜ್ಯಗಳು ಅನಂತ ಎಂದು ಡಿರಿಕ್ಲೆ 1837ರಲ್ಲೇ ಸಾಧಿಸಿದ್ದಾರೆ. ಅಂದರೆ ಅಲ್ಲಿ ತೂಕದ ಪ್ರಶ್ನೆ ಯಾವತ್ತೋ ಇತ್ಯರ್ಥವಾಗಿದೆ. ಉಲಾಮ್ ಸುರುಳಿಯ ಗೆರೆಗಳು ವರ್ಗೋಕ್ತಿಗಳು. ಒಂದನೆಯ ಘಾತದಿಂದ ಎರಡನೆಯ ಘಾತಕ್ಕೆ ಕಾಲಿಟ್ಟ ತಕ್ಷಣ ನೆಲ ಜಾರುತ್ತದೆ.

ಎಷ್ಟು ಜಾರುತ್ತದೆಂದರೆ, ಅವಿಭಾಜ್ಯಗಳು ಅನಂತವಾಗಿವೆ ಎಂದು ಸಾಧಿಸಲಾದ ಓರೆಗೆರೆ ಇಡೀ ಸುರುಳಿಯಲ್ಲಿ ಒಂದೂ ಇಲ್ಲ. ಹಾರ್ಡಿ–ಲಿಟಲ್‌ವುಡ್ ಹೇಳಿದ್ದು ಊಹೆ. ಕಂಪ್ಯೂಟರ್ ಎಣಿಸಿದಷ್ಟು ದೂರ ಅದು ತೂಕಕ್ಕೆ ತೂಕ ಸರಿಹೋಗುತ್ತದೆ, ಸಾಧನೆ ಮಾತ್ರ ಇಲ್ಲ. ಅಷ್ಟೊಂದು ಸಮೃದ್ಧವಾದ ಆಯ್ಲರನ ಸಾಲು ಕೂಡ ಎಲ್ಲೋ ಒಂದು ಕಡೆ ಬತ್ತಿಹೋಗಿ ಮುಂದೆ ಒಂದೂ ಅವಿಭಾಜ್ಯ ಕೊಡದೇ ಇರಬಹುದು. ಹಾಗಾಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ನಂಬಿಕೆಗೆ ಗಣಿತದಲ್ಲಿ ಬೆಲೆ ಕಡಿಮೆ.

ಮೊದಲು ಬರೆದ ಹಾಳೆಗೆ ಮರಳಿ, ನಡುವಿನ 1ರಿಂದ ಎಡ ಮೇಲ್ಮೂಲೆಗೆ ಬೆರಳು ಓಡಿಸಿ. 5, 17, 37, 65, 101, 145, 197, 257. ಸಮ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿದ್ದು. ಬೆಸ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿದರೆ ಸಮ ಸಂಖ್ಯೆ ಬರುವುದರಿಂದ, 2 ಬಿಟ್ಟು "ವರ್ಗ + 1" ರೂಪದ ಅವಿಭಾಜ್ಯಗಳೆಲ್ಲ ಈ ಒಂದೇ ಗೆರೆಯ ಮೇಲಿವೆ. ಮುಂದೆ 401, 577, 677, 1297 ಸಿಗುತ್ತವೆ, ಆಮೇಲೆ ಆಯ್ಲರನ ಸಾಲಿನ ತುದಿಯಲ್ಲಿ ನಿಂತಿದ್ದ ಅದೇ 1601 ಕೂಡ. ಈ ಗೆರೆಯ ಮೇಲೆ ಅವಿಭಾಜ್ಯಗಳು ಅನಂತವೇ? 1912ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಎಡ್ಮಂಡ್ ಲ್ಯಾಂಡೌ ಅವಿಭಾಜ್ಯಗಳ ಬಗ್ಗೆ ನಾಲ್ಕು ಸಮಸ್ಯೆಗಳನ್ನು ಮುಂದಿಟ್ಟು, ಆಗಿನ ಗಣಿತಕ್ಕೆ ಇವು ಎಟುಕುವುದಿಲ್ಲ ಎಂದರು. ಅದರಲ್ಲೊಂದು ಇದು. ಉಲಾಮ್ ಸುರುಳಿಯ ನಾಲ್ಕು ಮುಖ್ಯ ಕರ್ಣಗಳಲ್ಲಿ ಒಂದು ಕರ್ಣ ಲ್ಯಾಂಡೌ ಸಮಸ್ಯೆಯ ಚಿತ್ರವೇ ಆಗಿದೆ ಎಂಬುದನ್ನು ಜನಪ್ರಿಯ ಬರಹಗಳು ಏಕೆ ಹೇಳುವುದಿಲ್ಲವೋ ನನಗೆ ತಿಳಿಯದು. ಈ ಚಿತ್ರದಲ್ಲಿ ಇರುವ ಅತ್ಯಂತ ಗಟ್ಟಿ ಸಂಗತಿ ಅದೇ.

"ಇಷ್ಟು ವರ್ಷದಲ್ಲಿ ಏನೂ ಆಗಿಲ್ಲವೇ?" ಎಂಬುದು ಕೊನೆಯ ಪ್ರಶ್ನೆಯಾಗಿತ್ತು. ಆಗಿದೆ. 1978ರಲ್ಲಿ ಹೆನ್ರಿಕ್ ಇವಾನಿಯೆತ್ಸ್, ಈ ಗೆರೆಯ ಮೇಲೆ ಹೆಚ್ಚೆಂದರೆ ಎರಡು ಅವಿಭಾಜ್ಯ ಅಪವರ್ತನ ಇರುವ ಸಂಖ್ಯೆಗಳು ಅನಂತವಾಗಿವೆ ಎಂದು ಸಾಧಿಸಿದರು. 17 ಆ ಗುಂಪಿಗೆ ಸೇರುತ್ತದೆ, 65 = 5 × 13, 145 = 5 × 29 ಕೂಡ ಸೇರುತ್ತವೆ. 1998ರಲ್ಲಿ ಅವರೇ ಜಾನ್ ಫ್ರೀಡ್‌ಲ್ಯಾಂಡರ್ ಜೊತೆಗೂಡಿ, ಒಂದು ಸಂಖ್ಯೆಯ ವರ್ಗಕ್ಕೆ ಇನ್ನೊಂದರ ನಾಲ್ಕನೇ ಘಾತ ಕೂಡಿಸಿದರೆ ಬರುವ ಅವಿಭಾಜ್ಯಗಳು ಅನಂತ ಎಂದು ತೋರಿಸಿದರು. ಅಲ್ಲಿ ಆ ಇನ್ನೊಂದು ಸಂಖ್ಯೆಗೆ ಓಡಾಡಲು ಜಾಗ ಇದೆ. ಅದನ್ನು 1ಕ್ಕೇ ಕಟ್ಟಿಹಾಕಿದರೆ ನಮ್ಮ ಗೆರೆ ಬರುತ್ತದೆ, ಮತ್ತು ಕಟ್ಟಿಹಾಕಿದ ಕೂಡಲೇ ಅವರ ವಿಧಾನ ಕೆಲಸ ಮಾಡುವುದಿಲ್ಲ. ಇವಾನಿಯೆತ್ಸ್ ಅವರ "ಹೆಚ್ಚೆಂದರೆ ಎರಡು" ಎಂಬುದನ್ನು "ಒಂದೇ" ಎಂದು ತಿದ್ದಲು ಈವರೆಗೆ ಯಾರಿಂದಲೂ ಆಗಿಲ್ಲ.